ಎರಡು ಸಲ ಬೆಂದ ರೊಟ್ಟಿ



ಕೆಲವು ವರ್ಷಗಳ ಹಿಂದೆ, ಆಗಮನ ಕಾಲದ ಒಂದು ಸಂಜೆ. ರೋಮ್ ನಗರದಲ್ಲಿ ವ್ಯಾಸಂಗ ಮುಗಿಸಿ ಮರಳಿದ್ದ ನಮ್ಮ ಗುರುಮಿತ್ರರೊಬ್ಬರು ನಮ್ಮನ್ನು ಕಾಣಲು ಬಂದರು. ಕೈಯಲ್ಲಿ ಒಂದು ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಬೆರಳುದ್ದದ, ಓರೆಯಾಗಿ ಕೊಯ್ದ, ನಡುನಡುವೆ ಬಾದಾಮಿ ಕಾಣುವ ಗಟ್ಟಿ ಬಿಸ್ಕತ್ತುಗಳು. ಇಟಲಿಯವರು ಇವಕ್ಕೆ ಬಿಸ್ಕೊತ್ತಿ ಎನ್ನುತ್ತಾರೆ ಎಂದು ಅವರು ತಿಳಿಸಿದರು. ಅಂಗಡಿಯಿಂದ ಕೊಂಡದ್ದಲ್ಲ. ಅವರು ಭಾನುವಾರಗಳಂದು ಬಲಿಪೂಜೆಗೆ ಹೋಗುತ್ತಿದ್ದ ಧರ್ಮಕೇಂದ್ರದ ವೃದ್ಧೆಯೊಬ್ಬರು ಮನೆಯಲ್ಲಿ ತಾವೇ ಮಾಡಿ, ನಿಮ್ಮ ಊರಿನವರಿಗೆ ಕೊಡಿ ಎಂದು ಕಳುಹಿಸಿದ್ದು. ಮಾಡಿ ಮೂರು ವಾರ ಕಳೆದಿತ್ತು. ಒಂದಾದರೂ ಮೆತ್ತಗಾಗಿರಲಿಲ್ಲ.

ಅಷ್ಟರಲ್ಲಿ ನಮ್ಮ ದೇವಾಲಯದ ಕಸ ಗುಡಿಸುವ ಅಜ್ಜಿ ಬಂದರು. ಅವರಿಗೂ ಒಂದು ಕೊಟ್ಟೆವು. ಬಾಯಲ್ಲಿ ಹಲ್ಲು ನಾಲ್ಕೇ. ಕಡಿಯಲಾಗದೆ ಚಹಾದಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು, ತೀರ್ಪು ಕೊಟ್ಟರು: “ಇದು ನಮ್ಮ ಖಡಕ್ ರೊಟ್ಟಿ ಮನೆತನದ್ದ ಐತ್ರೀ ಫಾದರ್. ಸಕ್ಕರಿ ಹಾಕ್ಯಾರ, ಅಷ್ಟ.”

ನಾವಿಬ್ಬರೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ಅಜ್ಜಿ ಹೇಳಿದ್ದು ಅಕ್ಷರಶಃ ನಿಜವೆನ್ನಿಸಿತು.

ಬಿಸ್ಕೊತ್ತಿ ಎಂಬುದು ಲತೀನ್ ಮೂಲದ ಮಾತು. ಗುರುಮಠದಲ್ಲಿ ಕಲಿತ ಲತೀನ್ ಬಹುಪಾಲು ಮರೆತುಹೋಗಿದ್ದರೂ ಇಷ್ಟು ನೆನಪಿದೆ: ‘ಬಿಸ್’ ಎಂದರೆ ಎರಡು ಸಲ, ‘ಕೊಕ್ತುಸ್’ ಎಂದರೆ ಬೇಯಿಸಿದ್ದು. ನಾವು ದಿನವೂ ಆಡುವ ಬಿಸ್ಕತ್ತು ಎಂಬ ಪದವೂ ಇದೇ ಬೇರಿನಿಂದ ಬಂದದ್ದು. ಆದರೆ ಈಗಿನ ಪಾಕೀಟಿನ ಬಿಸ್ಕತ್ತು ಬೇಯುವುದು ಒಂದೇ ಸಲ. ಹೆಸರಷ್ಟೇ ಎರಡು ಸಲದ್ದು. ನಮ್ಮ ಬಸ್ ನಿಲ್ದಾಣದ ಚಹಾ ಅಂಗಡಿಯ ಗಾಜಿನ ಭರಣಿಯಲ್ಲಿರುವ ಟೋಸ್ಟ್ ಮಾತ್ರ ಇಂದಿಗೂ ಈ ಹೆಸರಿಗೆ ತಕ್ಕಂತೆ ಎರಡು ಸಲ ಭಟ್ಟಿಯೊಳಗೆ ಹೋಗಿ ಬರುತ್ತದೆ.

ಹಳೆಯ ಕಾಲದಲ್ಲಿ ದಂಡಿನವರು, ಹಡಗಿನವರು ಇಂತಹ ಒಣಗಿದ ರೊಟ್ಟಿಯನ್ನು ಮೂಟೆಗಟ್ಟಲೆ ಒಯ್ಯುತ್ತಿದ್ದರು. ಸಿಹಿಯಾಗಿ, ಬಾದಾಮಿ ಹಾಕಿ ಮಾಡುವುದು ಇಟಲಿಯ ತೊಸ್ಕಾನಾ ಪ್ರಾಂತ್ಯದ ಪ್ರಾತೊ ಎಂಬ ಊರಿನಲ್ಲಿ ಹೆಸರಾಯಿತು. ಅಲ್ಲಿ ಅಂತೋನಿಯೊ ಮತ್ತೇಯಿ ಎಂಬವರು 1858ರಲ್ಲಿ ತೆರೆದ ಅಂಗಡಿ ಇದಕ್ಕೇ ಪ್ರಸಿದ್ಧ. ಪ್ರಾತೊ ಶತಮಾನಗಳಿಂದ ಬಟ್ಟೆ ನೇಯುವವರ ಊರು. ನಮ್ಮ ರಬಕವಿ-ಬನಹಟ್ಟಿಯೂ ಮಗ್ಗದ ಊರೇ. ಮಗ್ಗದ ಮುಂದೆ ಕೂತವನಿಗೆ ಎದ್ದು ಹೋಗಿ ಉಣ್ಣಲು ಪುರುಸೊತ್ತು ಕಡಿಮೆ. ಕೈಗೆ ಸಿಕ್ಕಿದ್ದನ್ನು ಮುರಿದು ತಿಂದು ಮುಂದಿನ ಲಾಳಿ ಎಸೆಯಬೇಕು. ಎರಡೂ ಊರಿನವರಿಗೆ ಮುರಿದರೆ ಟಕ್ ಎನ್ನುವ ತಿನಿಸು ಪ್ರಿಯವಾದದ್ದು ಇದಕ್ಕೇ ಇರಬಹುದೇನೋ. ಇದು ನಮ್ಮ ಊಹೆ ಮಾತ್ರ.

ಬಿಸ್ಕೊತ್ತಿ ಮಾಡುವ ಬಗೆ ಕಷ್ಟದ್ದಲ್ಲ. ಹಿಟ್ಟು, ಸಕ್ಕರೆ, ಮೊಟ್ಟೆ, ಸಿಪ್ಪೆಯ ಸಮೇತ ಬಾದಾಮಿ. ಪ್ರಾತೊದ ಹಳೆಯ ಪದ್ಧತಿಯಲ್ಲಿ ಬೆಣ್ಣೆಯಾಗಲಿ ಎಣ್ಣೆಯಾಗಲಿ ಇಲ್ಲ. ಕಲಸಿದ ಹಿಟ್ಟನ್ನು ಕೊರಡಿನಂತೆ ಉದ್ದಕ್ಕೆ ಮಾಡಿ ಒಂದು ಸಲ ಬೇಯಿಸುತ್ತಾರೆ. ಹೊರಗೆ ತೆಗೆದು, ಸ್ವಲ್ಪ ಆರಿದ ಮೇಲೆ ಓರೆಯಾಗಿ ಹೋಳು ಮಾಡುತ್ತಾರೆ. ಆ ಹೋಳುಗಳನ್ನು ಹರಡಿ, ಕಡಿಮೆ ಕಾವಿನಲ್ಲಿ ಮತ್ತೊಮ್ಮೆ ಒಳಗಿಡುತ್ತಾರೆ. ಮೊದಲನೆಯ ಬೆಂಕಿ ಬೇಯಿಸಲು, ಎರಡನೆಯದು ಒಣಗಿಸಲು. ಬೂಷ್ಟು ಹಿಡಿಯಲು ನೀರಿನ ಪಸೆ ಬೇಕು. ಪಸೆ ಹೋದರೆ ಬೂಷ್ಟು ಬದುಕಲಾರದು. ಜಿಡ್ಡು ಇಲ್ಲದಿದ್ದರೆ ಕಮಟು ವಾಸನೆಯೂ ಬೇಗ ಬಾರದು. ಇವೆರಡೇ ಗುಟ್ಟು.

ಈಗ ನಮ್ಮ ಮನೆಯ ಒಲೆಯ ಹತ್ತಿರ ಬರೋಣ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಓದುಗರಿಗೆ ಖಡಕ್ ರೊಟ್ಟಿಯನ್ನು ವಿವರಿಸಿ ಹೇಳುವುದು ಮೀನಿಗೆ ಈಜು ಕಲಿಸಿದಂತೆ. ಆದರೂ ನಮ್ಮ ಧರ್ಮಪ್ರಾಂತ್ಯದಲ್ಲಿ ಕರಾವಳಿಯಿಂದ ಬಂದು ಸೇವೆ ಮಾಡುವ ಗುರುಗಳೂ ಧರ್ಮಭಗಿನಿಯರೂ ಇದ್ದಾರೆ. ಹತ್ತು ವರ್ಷ ರೊಟ್ಟಿ ಉಂಡರೂ ಅದು ಆಗುವ ಬಗೆ ನೋಡದವರಿದ್ದಾರೆ. ನಮ್ಮಂಥ ಗಂಡಸರ ಮಾತಂತೂ ಕೇಳಬೇಡಿ. ನಾವೂ ಇದನ್ನು ಬರೆಯಬೇಕೆಂದಾಗಲೇ ಒಲೆಯ ಮುಂದೆ ಕೂತು ಮೊದಲ ಸಲ ಸರಿಯಾಗಿ ನೋಡಿದ್ದು.

ಜೋಳ ಬಿಳಿಜೋಳವಾಗಿರಬೇಕು, ಹಿಂಗಾರಿಯ ಮಾಲದಂಡಿಯಾದರೆ ಇನ್ನೂ ಲೇಸು. ಎರೆ ಹೊಲದಲ್ಲಿ ಮಳೆ ಮುಗಿಯುವ ಹೊತ್ತಿಗೆ ಬಿತ್ತಿ, ನೆಲದೊಳಗಿನ ಹಸಿಯ ಮೇಲೆ, ಚಳಿಯ ಇಬ್ಬನಿಯಲ್ಲಿ ಬೆಳೆಯುವ ಜೋಳ ಅದು. ಮುಧೋಳದ ಕಡೆ ನೀರಾವರಿ ಬಂದು ಹೊಲಗಳೆಲ್ಲ ಕಬ್ಬಿನ ಪಾಲಾಗುತ್ತಿವೆ. ರೊಟ್ಟಿಯ ಜೋಳವನ್ನು ಸಂತೆಯಲ್ಲಿ ಕೊಳ್ಳುವ ರೈತರನ್ನು ನಾವು ಕಂಡಿದ್ದೇವೆ. ಗಿರಣಿಯಿಂದ ಬೀಸಿಸಿ ತಂದ ಹಿಟ್ಟು ಹೊಸದಿರಬೇಕು. ದಿನ ಕಳೆದಂತೆ ಹಿಟ್ಟಿನ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ಸಜ್ಜೆಯ ಹಿಟ್ಟಾದರೆ ಇನ್ನೂ ಅವಸರ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಬೇಗ ಕಹಿಯಾಗುತ್ತದೆ.

ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಶವಿದೆ. ನಾದಿದಷ್ಟೂ ಅದು ಎಳೆಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಆದ್ದರಿಂದ ತಣ್ಣೀರಿನಲ್ಲಿ ಕಲಸಿದರೆ ಜೋಳದ ಹಿಟ್ಟು ಮಣ್ಣಿನಂತೆ ಉದುರುತ್ತದೆ. ನಮ್ಮ ತಾಯಂದಿರು ಯಾವ ಕಾಲೇಜಿಗೂ ಹೋಗದೆ ಇದಕ್ಕೆ ಉಪಾಯ ಕಂಡುಕೊಂಡರು: ಕುದಿಯುವ ಎಸರು. ಕುದಿನೀರು ಬಿದ್ದ ಕೂಡಲೇ ಹಿಟ್ಟು ಅರೆಬೆಂದು ಅಂಟಾಗುತ್ತದೆ. ಪರಾತದಲ್ಲಿ ಹಾಕಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಬಡಿಯುವುದು. ಲಟ್ಟಿಸುವುದಲ್ಲ, ಬಡಿಯುವುದು. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ರೊಟ್ಟಿಯನ್ನು ತಿರುಗಿಸುತ್ತಿರುತ್ತದೆ. ಬೆಳಗಿನ ಜಾವ ನಮ್ಮ ಕಡೆಯ ಓಣಿಗಳಲ್ಲಿ ಕೋಳಿಗಿಂತ ಮೊದಲು ಕೇಳುವ ಸಪ್ಪಳ ಇದೇ.

ಕಾದ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕುತ್ತಾರೆ. ಬಿಸಿರೊಟ್ಟಿಯಾದರೆ ಕೆಂಡದ ಮೇಲೆ ಉಬ್ಬಿಸಿ ತಟ್ಟೆಗೆ ಹಾಕುವುದು, ಅಲ್ಲಿಗೆ ಮುಗಿಯಿತು. ಖಡಕ್ ರೊಟ್ಟಿಗೆ ಮಾತ್ರ ಇನ್ನೊಂದು ಹಂತವಿದೆ. ಅದನ್ನು ಇನ್ನೂ ತೆಳ್ಳಗೆ ಬಡಿಯಬೇಕು, ಹಂಚಿನ ಮೇಲೆ ಅರಿವೆಯಿಂದ ಒತ್ತಿ ಉಬ್ಬದಂತೆ ಸುಡಬೇಕು, ಆಮೇಲೆ ಒಲೆಯ ಸುತ್ತ ಒರಗಿಸಿ ನಿಲ್ಲಿಸಬೇಕು. ಆರುತ್ತಿರುವ ಒಲೆಯ ಉಳಿದ ಕಾವಿನಲ್ಲಿ ಅದು ನಿಧಾನವಾಗಿ ತನ್ನಲ್ಲಿದ್ದ ನೀರನ್ನೆಲ್ಲ ಬಿಟ್ಟುಕೊಡುತ್ತದೆ. ಇದೇ ಎರಡನೆಯ ಬೆಂಕಿ. ಪ್ರಾತೊದ ಭಟ್ಟಿಯಲ್ಲಿ ನಡೆಯುವುದೂ ನಮ್ಮ ಅಜ್ಜಿಯ ಒಲೆಯ ಪಕ್ಕ ನಡೆಯುವುದೂ ಒಂದೇ ಕೆಲಸ. ಚೆನ್ನಾಗಿ ಒಣಗಿದ್ದನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಜೋಡಿಸಿ, ಧೋತರದ ಬಟ್ಟೆ ಮುಚ್ಚಿ, ಪಸೆ ತಾಗದಂತೆ ಇಟ್ಟರೆ ತಿಂಗಳು ಎರಡು ತಿಂಗಳು ಏನೂ ಆಗದು. ತಿನ್ನುವಾಗ ಹಾಗೆಯೇ ಮುರಿದು ತಿನ್ನಬಹುದು. ಹಲ್ಲಿಲ್ಲದವರು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ, ಇಲ್ಲವೇ ಸಾರಿನಲ್ಲಿ ನೆನೆಸುತ್ತಾರೆ.

ಕೆಡದೆ ಉಳಿಯುವ ರೊಟ್ಟಿ ಯಾರಿಗೆ ಬೇಕು? ಮನೆಯಲ್ಲೇ ಇರುವವನಿಗೆ ಬಿಸಿರೊಟ್ಟಿ ಇದೆಯಲ್ಲ. ಖಡಕ್ ರೊಟ್ಟಿ ಬೇಕಾಗುವುದು ಮನೆ ಬಿಟ್ಟು ಹೋದವನಿಗೆ. ಈ ಸೀಮೆಯಿಂದ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ, ಮಂಗಳೂರಿಗೆ ಹೋದವರು, ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಹೋದವರು, ಓದಲೆಂದು ಧಾರವಾಡಕ್ಕೋ ವಿಜಯಪುರಕ್ಕೋ ಹೋದ ಮಕ್ಕಳು, ಇವರೆಲ್ಲರ ಗಂಟಿನಲ್ಲಿ ಅದು ಇದ್ದೇ ಇರುತ್ತದೆ. ಮಗ ಬರಲಾಗದಿದ್ದರೆ ಬುತ್ತಿ ಬಸ್ಸಿನಲ್ಲಿ ಹೋಗುತ್ತಿತ್ತು. ಹೆಸರು ಬರೆದ ಚೀಟಿ ಕಟ್ಟಿ, ಕಂಡಕ್ಟರನ ಕಡೆ ಕೊಟ್ಟು, “ತಮ್ಮಾ, ನಿಲ್ದಾಣದಾಗ ನನ್ನ ಮಗಾ ನಿಂತಿರತಾನ” ಎಂದು ಹೇಳಿ ಬಸ್ಸು ಕಣ್ಮರೆಯಾಗುವ ತನಕ ನಿಲ್ಲುವ ತಾಯಂದಿರನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದಾರೆ.

ನಮ್ಮ ಅವ್ವನೂ ಅವರಲ್ಲೊಬ್ಬಳು. ನಾವು ಬೆಂಗಳೂರಿನ ಗುರುಮಠದಲ್ಲಿದ್ದಾಗ ವರ್ಷಕ್ಕೆ ಎರಡು ಸಲ ಊರಿನ ಕಡೆಯಿಂದ ಯಾರಾದರೂ ಬರುವವರ ಕೈಯಲ್ಲಿ ಒಂದು ಡಬ್ಬಿ ಕಳುಹಿಸುತ್ತಿದ್ದಳು. ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕೆಳಗೆ ಜೋಳದ್ದು, ಪಕ್ಕದಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಯ ಪೊಟ್ಟಣಗಳು. ದಾರಿಯಲ್ಲಿ ಅರ್ಧ ರೊಟ್ಟಿ ಪುಡಿಯಾಗಿರುತ್ತಿತ್ತು. ಆ ಪುಡಿಗೆ ಮೊಸರು, ಚಟ್ನಿ, ಹಸಿ ಉಳ್ಳಾಗಡ್ಡಿ ಕಲಸಿದರೆ ಕರಾವಳಿಯ ಸಹಪಾಠಿಗಳೂ ಬಟ್ಟಲು ಹಿಡಿದು ಬರುತ್ತಿದ್ದರು. ಅವ್ವನಿಗೆ ಓದು ಬರಹ ಬಾರದು. ಆಕೆ ನಮಗೆ ಬರೆದ ಪತ್ರಗಳು ಇವೇ. ಒಂದು ಸಲ ರೊಟ್ಟಿಗಳ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಬಂದಿದ್ದವು. ಅವ್ವನ ಬಲಗೈ ನೋಯುತ್ತಿದೆಯೆಂದು ನಮಗೆ ತಿಳಿದದ್ದು ಹಾಗೆ.

ಪವಿತ್ರ ಗ್ರಂಥವನ್ನು ಬಲ್ಲವರಿಗೆ ಇಲ್ಲಿ ಜೆಸ್ಸೆಯನ ನೆನಪಾಗದೆ ಇರದು. ದಾವೀದನು ಗೋಲಿಯಾತನನ್ನು ಕೊಂದ ಕಥೆ ಮಕ್ಕಳಿಗೂ ಗೊತ್ತು. ಆದರೆ ಅವನು ಅಂದು ರಣರಂಗಕ್ಕೆ ಹೋದದ್ದು ಏತಕ್ಕೆ? ಕಾದಾಡಲು ಅಲ್ಲ. ದಂಡಿನಲ್ಲಿದ್ದ ಅಣ್ಣಂದಿರಿಗೆ ಹುರಿದ ಕಾಳು ಮತ್ತು ಹತ್ತು ರೊಟ್ಟಿ ಕೊಟ್ಟು, ಅವರ ಕ್ಷೇಮ ತಿಳಿದು ಬಾ ಎಂದು ಮುದಿ ತಂದೆ ಕಳುಹಿಸಿದ್ದ. ಆ ತಂದೆಯ ಊರು ಬೆತ್ಲೆಹೇಮ್. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ ರೊಟ್ಟಿಯ ಮನೆ. ಕ್ರಿಸ್ತ ಜಯಂತಿಯ ಪ್ರಬೋಧನೆಗಳಲ್ಲಿ ನಾವು ಇದನ್ನು ಎಷ್ಟೋ ಸಲ ಹೇಳಿದ್ದೇವೆ. ರೊಟ್ಟಿ ಬಡಿಯುವ ಮನೆಗಳ ನಡುವೆ ನಿಂತು ಹೇಳುವಾಗ ಕೇಳುವವರ ಮುಖದಲ್ಲಿ ಆಗುವ ಬದಲಾವಣೆಯೇ ಬೇರೆ.

ಕಳುಹಿಸುವುದು ದೂರದವರಿಗೆ ಮಾತ್ರವಲ್ಲ. ಶ್ರಾವಣದಲ್ಲಿ ಪಂಚಮಿಗೆ ಮುಂಚೆ ನಮ್ಮ ಭಾಗದಲ್ಲಿ ರೊಟ್ಟಿ ಹಬ್ಬ ಬರುತ್ತದೆ. ಪಂಚಮಿಯಂದು ಒಲೆಯ ಮೇಲೆ ಹಂಚು ಇಡಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಹಾಗಾಗಿ ವಾರ ಮೊದಲೇ ಜೋಳದ, ಸಜ್ಜೆಯ ಖಡಕ್ ರೊಟ್ಟಿಗಳನ್ನು ರಾಶಿ ಹಾಕುತ್ತಾರೆ. ಹಬ್ಬದ ದಿನ ನಾಲ್ಕು ಬಗೆಯ ಪಲ್ಯ, ಚಟ್ನಿ ಇಟ್ಟು, ಐದಾರು ರೊಟ್ಟಿಯ ಅಡಕಲು ಮಾಡಿ ಬೀಗರಿಗೆ, ನೆರೆಹೊರೆಗೆ ಕೊಟ್ಟು ಬರುತ್ತಾರೆ. ಅವರೂ ಕೊಡುತ್ತಾರೆ. ಸಂಜೆಯ ಹೊತ್ತಿಗೆ ಪ್ರತಿ ಮನೆಯ ಬುಟ್ಟಿಯಲ್ಲೂ ಹತ್ತು ಮನೆಯ ರೊಟ್ಟಿ. ಕರಾವಳಿಯ ನಮ್ಮ ಕ್ರೈಸ್ತರು ಕ್ರಿಸ್ಮಸ್‌ಗೆ ಕುಸ್ವಾರ್ ಎಂದು ಮಾಡುವುದೂ ಇಂಥದ್ದೇ. ಕಿಡಿಯೊ, ನೆವ್ರಿ, ಕೊಕಿಸ್, ಚಕ್ಕುಲಿ, ಎಳ್ಳುಂಡೆ ಎಂದು ಮನೆಮಂದಿಯೆಲ್ಲ ಕೂತು ಮಾಡಿ, ತಟ್ಟೆಯಲ್ಲಿಟ್ಟು ಅನ್ಯಧರ್ಮದ ನೆರೆಯವರಿಗೂ ಹಂಚುತ್ತಾರೆ.

ಕೇಳಲು ಇಷ್ಟೆಲ್ಲ ಸೊಗಸು. ಈಗ ಸೊಗಸಲ್ಲದ ಮಾತು.

ನಾವು ಈ ಭಾಗದ ಒಂದು ಧರ್ಮಕೇಂದ್ರಕ್ಕೆ ಬಂದ ಹೊಸತು. ಊರಿನ ಹೆಸರು ಬೇಡ. ಕ್ರಿಸ್ಮಸ್‌ಗೆ ನಮ್ಮ ಜನರ ಮನೆಗಳಲ್ಲೇ ಕರ್ಚಿಕಾಯಿ, ಶಂಕರಪಾಳಿ ಮಾಡಿಸಿ ಅಕ್ಕಪಕ್ಕದ ಓಣಿಗಳಿಗೆ ಹಂಚೋಣವೆಂದು ಸಭೆಯಲ್ಲಿ ಉತ್ಸಾಹದಿಂದ ಸೂಚಿಸಿದೆವು. ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮ ಉಪದೇಶಿಯವರ ಹೆಂಡತಿ ಎದ್ದು, “ಬೇಕರಿ ಕೇಕ್ ತರೂಣ್ರೀ ಫಾದರ್, ಪಾಕೀಟ ಇದ್ದದ್ದು” ಎಂದರು. ಮನೆಯಲ್ಲಿ ಮಾಡಿದ್ದು ಚಲೋ ಅಲ್ಲವೇ, ಖರ್ಚೂ ಕಡಿಮೆ ಎಂದು ನಾವು ವಾದಿಸಿದೆವು. ಆಗ ಅವರು ತಲೆ ತಗ್ಗಿಸಿ ಹೇಳಿದರು: “ನಮ್ಮ ಮನ್ಯಾಗ ಮಾಡಿದ್ದು ನಕ್ಕೋತನ ಇಸಗೋತಾರ್ರೀ. ಒಳಗ ಒಯ್ದು ದನದ ಮುಂದ ಚೆಲ್ಲತಾರ. ನಾ ಕಣ್ಣಾರೆ ನೋಡೀನಿ.”

ನಮ್ಮ ಜನರಲ್ಲಿ ಹೆಚ್ಚಿನವರು ಊರಿನ ಅಂಚಿನ ಓಣಿಯವರು. ಕ್ರಿಸ್ತನ ಹೆಸರು ಪಡೆದು ಎರಡು ತಲೆಮಾರು ಕಳೆದರೂ ಊರಿನ ಲೆಕ್ಕದಲ್ಲಿ ಜಾತಿ ಬದಲಾಗಿಲ್ಲ. ಬೇಕರಿಯ ಪಾಕೀಟನ್ನು ಊರು ತಿನ್ನುತ್ತದೆ, ಯಾಕೆಂದರೆ ಅದನ್ನು ಯಾವ ಕೈ ಮಾಡಿತೋ ಗೊತ್ತಿಲ್ಲ. ಗೊತ್ತಿರುವ ಕೈ ಮಾಡಿದ್ದನ್ನು ತಿನ್ನುವುದಿಲ್ಲ. ಮನೆಯಲ್ಲಿ ಮಾಡಿದ ಕಾಣಿಕೆಯ ಬೆಲೆ ಎಂದರೆ ಮಾಡಿದವರ ಕೈ. ಇಲ್ಲಿ ಬೇಡವಾದದ್ದೂ ಅದೇ ಕೈ. ಗುರುಮಠದಲ್ಲಿ ಸಮಾಜಶಾಸ್ತ್ರದ ಪಾಠದಲ್ಲಿ ಇದನ್ನೆಲ್ಲ ಓದಿ ಒಳ್ಳೆಯ ಅಂಕ ಪಡೆದ ನಮಗೆ ಆ ಸಭೆಯಲ್ಲಿ ಒಂದು ಮಾತೂ ಹೊರಡಲಿಲ್ಲ. ಆ ವರ್ಷ ಬೇಕರಿ ಕೇಕೇ ಹೋಯಿತು. ಮುಂದಿನ ವರ್ಷಗಳಲ್ಲೂ.

2019ರಲ್ಲಿ ಪಂಚಮಿ ಆಗಸ್ಟ್ 5ರಂದು ಬಂದಿತ್ತು. ಆ ವಾರವೇ ಕೃಷ್ಣೆ, ಘಟಪ್ರಭೆ ಎರಡೂ ತುಂಬಿ ದಂಡೆ ಮೀರಿದವು. ಘಟಪ್ರಭೆಯ ನೀರು ಮುಧೋಳದ ಕಡೆ, ಕೃಷ್ಣೆಯ ನೀರು ಜಮಖಂಡಿ, ರಬಕವಿ-ಬನಹಟ್ಟಿಯ ಕಡೆ ಹಳ್ಳಿಹಳ್ಳಿಗಳಿಗೆ ನುಗ್ಗಿತು. ಜನರು ದನಕರು ಹೊಡೆದುಕೊಂಡು, ಸಿಕ್ಕಷ್ಟು ಗಂಟು ಕಟ್ಟಿಕೊಂಡು ಶಾಲೆಗಳಲ್ಲಿ ತೆರೆದ ಪರಿಹಾರ ಕೇಂದ್ರಗಳಿಗೆ ಬಂದರು. ಒಲೆ ಹೊತ್ತಿಸಲು ಒಣ ಕಟ್ಟಿಗೆ ಇಲ್ಲ. ಮೊದಲ ದಿನಗಳಲ್ಲಿ ಎಲ್ಲರ ಹೊಟ್ಟೆ ಹಿಡಿದದ್ದು ಖಡಕ್ ರೊಟ್ಟಿ. ಉತ್ತರ ಕರ್ನಾಟಕದ ಎಷ್ಟೋ ಊರುಗಳಿಂದ, ಮಠಗಳಿಂದ ರೊಟ್ಟಿ, ಚಟ್ನಿಯ ಮೂಟೆಗಳು ವಾಹನಗಳಲ್ಲಿ ಬಂದವು. ಹಬ್ಬಕ್ಕೆಂದು ಮಾಡಿಟ್ಟ ರೊಟ್ಟಿಯೇ ಎಷ್ಟೋ ಮನೆಗಳಿಂದ ಹೊರಬಿದ್ದಿರಬೇಕು. ಅನ್ನ, ಸಾಂಬಾರು ಮರುದಿನಕ್ಕೆ ಹಳಸುತ್ತದೆ. ಬ್ರೆಡ್ಡಿಗೆ ಮಳೆಗಾಲದಲ್ಲಿ ಮೂರನೆಯ ದಿನ ಬೂಷ್ಟು. ಖಡಕ್ ರೊಟ್ಟಿಗೆ ಬೆಂಕಿ ಬೇಡ, ತಟ್ಟೆ ಬೇಡ, ಅವಸರವಿಲ್ಲ.

ನಮ್ಮ ಓಣಿ ಎತ್ತರದ ನೆಲದಲ್ಲಿತ್ತು, ನೀರು ಬರಲಿಲ್ಲ. ನಮ್ಮ ಹೆಣ್ಣುಮಕ್ಕಳು ಮೂರು ರಾತ್ರಿ ಕೂತು ರೊಟ್ಟಿ ಬಡಿದರು. ಉಪದೇಶಿಯವರ ಹೆಂಡತಿಯೇ ಮುಂದಾಳು. ಹಳೆ ಸೀರೆಯ ತುಂಡುಗಳಲ್ಲಿ ಕಟ್ಟಿದ ಆ ಗಂಟುಗಳು ಕೇಂದ್ರದ ಕೋಣೆಯಲ್ಲಿ ಬೇರೆ ಊರಿನ ಮೂಟೆಗಳ ಜೊತೆ ಒಂದೇ ರಾಶಿಯಾದವು. ನಾವೂ ಆಕೆಯೂ ಹಂಚಲು ನಿಂತಿದ್ದೆವು. ಸಾಲಿನಲ್ಲಿ ಆ ದನದ ಮನೆಯವರೂ ಬಂದರು. ಅವರ ಹೊಲಮನೆಗೆ ನೀರು ಹೊಕ್ಕಿತ್ತು. ನಾಲ್ಕು ರೊಟ್ಟಿ ಇಸಿದುಕೊಂಡು ಅಲ್ಲೇ ಗೋಡೆಗೆ ಒರಗಿ ಮಕ್ಕಳಿಗೆ ಮುರಿದುಕೊಟ್ಟು ತಾವೂ ತಿಂದರು. ರೊಟ್ಟಿ ಎಲ್ಲಿಯದೆಂದು ಅವರು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ರಾತ್ರಿ ಮರಳುವಾಗ ಮಾತ್ರ ನಮಗೆ ಹೇಳಿದರು: “ಅವು ನನ್ನ ರೊಟ್ಟಿನ್ರೀ ಫಾದರ್. ನನ್ನ ಬೆರಳ ಗುರುತು ನನಗ ಗೊತ್ತಾಗಂಗಿಲ್ಲೇನು?”

ಆಗ ಹೇಳಿಬಿಡಬೇಕಿತ್ತೇ? ನಮಗೆ ಹಾಗೆನ್ನಿಸಿತ್ತು, ಒಂದು ಪ್ರಬೋಧನೆಗೆ ಎಂಥ ವಿಷಯ! ಆಕೆ ಬೇಡವೆಂದರು. ಹಸಿದವರ ಬಾಯಿಗೆ ಹಾಕಿದ ತುತ್ತನ್ನು ಎತ್ತಿ ಆಡಬಾರದಂತೆ. ಆದರೆ ಆ ಡಿಸೆಂಬರಿನಲ್ಲಿ ಸಭೆ ಕರೆದಾಗ ಮೊದಲು ಬಾಯಿಬಿಟ್ಟವರು ಅವರೇ: “ಈ ವರ್ಷ ಮನ್ಯಾಗ ಮಾಡೂಣ್ರೀ. ತಿಂದರ ತಿನ್ನಲಿ, ಬಿಟ್ಟರ ಬಿಡಲಿ.”

ಹೀಗೆ ನಮ್ಮ ಕ್ರಿಸ್ಮಸ್ ಡಬ್ಬಿ ಶುರುವಾಯಿತು. ಅದರಲ್ಲಿ ಆರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತು, ರೋಮಿನ ಡಬ್ಬಿ ಮರೆತಿರದ ನಮ್ಮ ಹಟದಿಂದ, ಬಿಸ್ಕೊತ್ತಿ.

ಬಿಸ್ಕೊತ್ತಿಯ ಮೊದಲ ಪ್ರಯತ್ನ ಪೂರಾ ಕೆಟ್ಟಿತೆಂದು ಒಪ್ಪಿಕೊಳ್ಳಬೇಕು. ತಪ್ಪು ನಮ್ಮದೇ. ಬಾದಾಮಿ ದುಬಾರಿ, ಬದಲಿಗೆ ನಮ್ಮದೇ ಶೇಂಗಾ ಹಾಕಿದ್ದು ಸರಿಯಾಗಿತ್ತು. ಸಕ್ಕರೆಯ ಬದಲು ಮಹಾಲಿಂಗಪುರದ ಬೆಲ್ಲ ಹಾಕಿಸಿದ್ದು ಸರಿಯಾಗಲಿಲ್ಲ. ಬೆಲ್ಲ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ನಾಲ್ಕೇ ದಿನಕ್ಕೆ ಬಿಸ್ಕೊತ್ತಿ ಚರ್ಮದಂತಾಯಿತು. ಇನ್ನೊಂದು ತಪ್ಪು, ಬಿಸಿ ಇರುವಾಗಲೇ ಕೊಯ್ದದ್ದು, ಅರ್ಧಕ್ಕರ್ಧ ಪುಡಿ. ಅಜ್ಜಿ ಆ ಪುಡಿಯನ್ನು ಹಾಲಿಗೆ ಹಾಕಿಕೊಂಡು ಉಂಡು, ರೊಟ್ಟಿಯಷ್ಟು ಸುಲಭ ಅಲ್ಲ ಬಿಡ್ರಿ ಎಂದರು.

ಈಗ ಸರಿಬಂದಿರುವ ಅಳತೆ ಇದು. ಮೈದಾ ಅಥವಾ ಸಣ್ಣಗೆ ಜರಡಿ ಹಿಡಿದ ಗೋಧಿ ಹಿಟ್ಟು 250 ಗ್ರಾಂ, ಸಕ್ಕರೆ 150 ಗ್ರಾಂ, ಮೊಟ್ಟೆ 2, ಹುರಿದು ಸಿಪ್ಪೆ ತೆಗೆದ ಶೇಂಗಾ 125 ಗ್ರಾಂ, ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ. ಜೋಳದ ಹಿಟ್ಟಿನಲ್ಲಿ ಮಾಡಹೋಗಬೇಡಿ, ಕೊಯ್ಯುವಾಗ ನಿಲ್ಲುವುದಿಲ್ಲ. ಗಟ್ಟಿಯಾಗಿ ಕಲಸಿ, ಮೂರು ಬೆರಳಗಲದ ಎರಡು ಕೊರಡು ಮಾಡಿ, 180 ಡಿಗ್ರಿ ಕಾವಿನಲ್ಲಿ ಸುಮಾರು 25 ನಿಮಿಷ. ಹೊರತೆಗೆದು ಕಾಲು ಗಂಟೆ ಆರಲು ಬಿಡಿ. ಹಲ್ಲಿರುವ ಚೂರಿಯಿಂದ, ಒತ್ತದೆ, ಗರಗಸದ ಹಾಗೆ ಎಳೆದು ಬೆರಳು ದಪ್ಪದ ಹೋಳು ಮಾಡಿ. ಮತ್ತೆ 150 ಡಿಗ್ರಿಯಲ್ಲಿ 20 ನಿಮಿಷ, ನಡುವೆ ಒಮ್ಮೆ ಮಗುಚಿ.

ಮನೆಯಲ್ಲಿ ಓವನ್ ಇರುವವರು ನಮ್ಮಲ್ಲಿ ಯಾರು? ನಮ್ಮ ಹೆಣ್ಣುಮಕ್ಕಳು ಪರಿಚಯದ ಭಟ್ಟಿಗೆ ಹೋಗುತ್ತಾರೆ. ಮೊದಲೆಲ್ಲ ಹಬ್ಬಕ್ಕೆ ನಾನಕಟಾಯಿ ಮಾಡಿಸಲು ಹಿಟ್ಟು, ಸಕ್ಕರೆ, ಡಾಲ್ಡಾ ಹೊತ್ತುಕೊಂಡು ಹೋಗುತ್ತಿದ್ದಂತೆಯೇ. ಕಟ್ಟಿಗೆಯ ಭಟ್ಟಿಯಲ್ಲಿ ಬ್ರೆಡ್ ತೆಗೆದ ಮೇಲೆ ಉಳಿಯುವ ಕಾವು ಮೊದಲ ಸಲಕ್ಕೆ ಸಾಕು. ಒಂದೆರಡು ತಾಸು ಕಳೆದು ಭಟ್ಟಿ ಇನ್ನೂ ಆರಿದಾಗ ಎರಡನೆಯ ಸಲ. ಥರ್ಮಾಮೀಟರ್ ಇಲ್ಲ. ಒಳಗೆ ಕಾಗದದ ಚೂರು ಹಾಕಿ, ಅದು ಎಷ್ಟು ಹೊತ್ತಿಗೆ ಕೆಂಪಾಗುತ್ತದೆಂದು ನೋಡಿ ಭಟ್ಟಿಯವರು ಅಂದಾಜು ಹೇಳುತ್ತಾರೆ.

ಕಳುಹಿಸುವ ಬಗ್ಗೆ ಎರಡು ಮಾತು. ರೊಟ್ಟಿಯಾಗಲಿ ಬಿಸ್ಕೊತ್ತಿಯಾಗಲಿ ಪೂರ್ತಿ ಆರುವ ಮುನ್ನ ಡಬ್ಬಿ ಮುಚ್ಚಬೇಡಿ. ಒಳಗಿನ ಹಬೆಯೇ ಶತ್ರು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡುವುದಾದರೆ ನಡುವೆ ಕಾಗದ ಹಾಕಿ, ಚಟ್ನಿಯನ್ನು ಬೇರೆ ಪೊಟ್ಟಣದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಬಿಸ್ಕೊತ್ತಿಗೆ ಬಳ್ಳೊಳ್ಳಿ ವಾಸನೆ ಹತ್ತುತ್ತದೆ. ದೂರ ಹೋಗುವ ಡಬ್ಬಿಯಲ್ಲಿ ರೊಟ್ಟಿ ಅಲುಗಾಡದಂತೆ ಅಂಚಿಗೆ ಬಟ್ಟೆ ತುರುಕಿ. ಕ್ರಿಸ್ಮಸ್‌ಗೆ ಹದಿನೈದು ದಿನ ಮೊದಲೇ ಮಾಡಬಹುದು. ಗೋವಾಕ್ಕೆ, ಇಚಲಕರಂಜಿಗೆ ಹೋದ ನಮ್ಮ ಕುಟುಂಬಗಳಿಗೆ ಡಬ್ಬಿ ಮುಟ್ಟುವಷ್ಟರಲ್ಲಿ ಹಬ್ಬ ಬಂದಿರುತ್ತದೆ.

ನಮ್ಮ ಕಡೆ ಒಂದು ರೂಢಿಯಿದೆ: ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು. ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. 2019ರ ಕ್ರಿಸ್ಮಸ್‌ಗೆ ಊರೊಳಗಿನ ಮೂರು ಮನೆಗೆ ಉಪದೇಶಿಯವರ ಹೆಂಡತಿ ತಾವೇ ಹೋಗಿ ಡಬ್ಬಿ ಕೊಟ್ಟು ಬಂದರು. ಒಂದು ಡಬ್ಬಿ ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು ಬಂತು. ಇನ್ನೊಂದು ತೊಳೆದು ಒರೆಸಿ ಖಾಲಿಯಾಗಿ ಬಂತು. ತಂದ ಹುಡುಗ ಬಾಗಿಲ ಹೊರಗೇ ಇಟ್ಟು ಓಡಿದ. ಮೂರನೆಯದು ಆ ದನದ ಮನೆಯದು, ಬರಲೇ ಇಲ್ಲ. ತಿಂದರೋ ಚೆಲ್ಲಿದರೋ ಗೊತ್ತಿಲ್ಲ. ಆಕೆ ಹೋಗಿ ಕೇಳಲಿಲ್ಲ. ಮರುವರ್ಷ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುವಾಗ ಆ ಮನೆಯ ಹೆಸರು ಬರೆಯಬೇಕೋ ಬೇಡವೋ ಎಂದು ನಾವು ಪೆನ್ನು ಹಿಡಿದು ತಡೆದೆವು. “ಬರೀರಿ ಫಾದರ್,” ಎಂದರು, “ಮೊದಲಿಂದು ಅವರ ಕಡೇನ ಇರಲಿ.” ಅಂದಿನಿಂದ ಪ್ರತಿ ಕ್ರಿಸ್ಮಸ್‌ಗೂ ಆ ಮನೆಗೆ ಹೊಸ ಡಬ್ಬಿ ಹೋಗುತ್ತಿದೆ.